ಕಬಡ್ಡಿ ಕಾರ್ನರ್ ಹುಡುಗನ ವಿಡಿಯೋ, ಆರು ಪುಟದ ರಿಪೋರ್ಟ್: 4,500 ರೂಪಾಯಿಗೆ ಸಿಕ್ಕಿದ್ದೆಷ್ಟು?

ವಿಡಿಯೋಗೆ ನಾಲ್ಕು ಸ್ಟಾರ್. ರಿಪೋರ್ಟಿಗೆ ಒಂದೂವರೆ. ಫೋನಿನಲ್ಲಿ ಮಾತಾಡಿದ ಮನುಷ್ಯನಿಗೆ ಐದು. ಎಲ್ಲ ಸೇರಿಸಿ ಮೂರು ಅಂತ ಹಾಕಿದರೆ ಓದುವವರಿಗೆ ಎಂತ ಉಪಯೋಗ? ಹಾಗಾಗಿ ಬಿಡಿಸಿ ಬರೆಯುತ್ತೇನೆ.

ಮೊದಲು ಸೇವೆ ಎಂಥದ್ದು ಅಂತ ಹೇಳಬೇಕು. ಕಾಲೇಜು ಮಟ್ಟದಲ್ಲಿ ಕಬಡ್ಡಿ ಆಡುವ ಹುಡುಗರ ಒಂದು ಪಂದ್ಯ ಶೂಟ್ ಮಾಡುತ್ತಾರೆ. ಹಳೆಯ ವಿಡಿಯೋ ಇದ್ದರೆ ಅದನ್ನೂ ತೆಗೆದುಕೊಳ್ಳುತ್ತಾರೆ. ಅದರಿಂದ ನಾಲ್ಕು ನಿಮಿಷದ ಒಂದು ವಿಡಿಯೋ ಮಾಡಿ, ಜೊತೆಗೆ ಆರು ಪುಟದ ರಿಪೋರ್ಟ್ ಕೊಡುತ್ತಾರೆ. ಕೊನೆಗೆ ಅರ್ಧ ಗಂಟೆ ಫೋನಿನಲ್ಲಿ ಒಬ್ಬ ಮಾಜಿ ಆಟಗಾರರ ಜೊತೆ ಮಾತು. ಇದನ್ನು ಪ್ರೊ ಕಬಡ್ಡಿ ತಂಡಗಳ ಆಯ್ಕೆದಾರರಿಗೆ, ಕೋಚ್‌ಗಳಿಗೆ ಕಳಿಸಬಹುದು ಅನ್ನುವುದು ಅವರ ಮಾತು. ಮಂಗಳೂರು ಕಡೆಯ ಸಣ್ಣ ಸಂಸ್ಥೆ. ಹೆಸರು ಹಾಕುವುದಿಲ್ಲ, ಯಾಕೆಂದರೆ ನಾನು ಬಯ್ಯುವುದೂ ಉಂಟು.

ಹುಡುಗ ನನ್ನ ಅಳಿಯ, ಅಕ್ಕನ ಮಗ. ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ ಮನೆ. ಕಣ್ಣೂರು ವಿಶ್ವವಿದ್ಯಾನಿಲಯದ ಅಡಿ ಬರುವ ಕಾಲೇಜಿನಲ್ಲಿ ಡಿಗ್ರಿ ಎರಡನೇ ವರ್ಷ. ಲೆಫ್ಟ್ ಕಾರ್ನರ್, ಅಂದರೆ ಡಿಫೆಂಡರ್‌ಗಳ ಸಾಲಿನ ಎಡತುದಿಯಲ್ಲಿ ನಿಂತು, ಪಾಯಿಂಟಿಗೆ ಬರುವ ಎದುರಾಳಿ ರೈಡರ್‌ನ ಕಾಲು ಹಿಡಿಯುವವ. ಐದಡಿ ಒಂಬತ್ತು ಇಂಚು, 76 ಕೆಜಿ. ಸೀನಿಯರ್ ಗಂಡಸರ ಕಬಡ್ಡಿಯಲ್ಲಿ 85 ಕೆಜಿ ಮೇಲೆ ಹೋಗುವ ಹಾಗಿಲ್ಲ, ಇವನಿಗೆ ಇನ್ನೂ ಜಾಗ ಉಂಟು. ನಾನು ಪೈಪು, ಪಂಪಿನ ಅಂಗಡಿ ಇಟ್ಟುಕೊಂಡವ. ಮೊದಲು ಊರಿನ ಕ್ಲಬ್ಬಿಗೆ ಲೆಫ್ಟ್ ಕವರ್ ಆಡುತ್ತಿದ್ದೆ. ಕಾರ್ನರ್ ಕಾಲು ಹಿಡಿದ ಕೂಡಲೇ ಹೋಗಿ ರೈಡರ್ ಮೇಲೆ ಬೀಳುವುದು ನನ್ನ ಕೆಲಸ. ಒಳ್ಳೆಯ ಕಾರ್ನರ್ ಯಾರು, ಬರೀ ಶೋ ಮಾಡುವವ ಯಾರು ಅಂತ ನನ್ನ ಮೊಣಕಾಲಿಗೆ ಚೆನ್ನಾಗಿ ಗೊತ್ತುಂಟು.

ಈಗ ವಿಡಿಯೋ. ಕ್ಯಾಮೆರಾ ಕೆಲಸ ನಿಜಕ್ಕೂ ಚೆನ್ನಾಗಿದೆ. ಹೊನಲು ಬೆಳಕಿನ ಪಂದ್ಯಾಟದಲ್ಲಿ ಲೈಟು ಒಂದು ಕಡೆ ಜಾಸ್ತಿ, ಒಂದು ಕಡೆ ಕಮ್ಮಿ. ಆದರೂ ಹುಡುಗನ ಮುಖ, ಜೆರ್ಸಿ ನಂಬರ್ ಎಲ್ಲ ಸ್ಪಷ್ಟವಾಗಿ ಬಂದಿದೆ. ಎರಡು ಕ್ಯಾಮೆರಾ ತಂದಿದ್ದರು. ಒಂದು ನಡುಗೆರೆಯ ಪಕ್ಕದಲ್ಲಿ, ಎಲ್ಲರೂ ಇಡುವ ಹಾಗೆ. ಇನ್ನೊಂದನ್ನು ಅಂಕಣದ ಹಿಂದೆ, ಎಂಡ್ ಲೈನಿನ ಆಚೆ ಏಣಿ ಇಟ್ಟು ಅದರ ಮೇಲಿಂದ ಶೂಟ್ ಮಾಡಿದರು. ಈ ಎರಡನೇ ಕ್ಯಾಮೆರಾ ಇಟ್ಟವನಿಗೆ ನನ್ನ ನಮಸ್ಕಾರ. ಡಿಫೆಂಡರ್‌ನನ್ನು ನೋಡಬೇಕಾದ್ದೇ ಅಲ್ಲಿಂದ. ಏಳು ಜನರ ಬೆನ್ನು ಕಾಣುತ್ತದೆ, ಕಾಲುಗಳು ಕಾಣುತ್ತವೆ, ಕಾರ್ನರ್‌ಗೂ ಅವನ ಪಕ್ಕ ನಿಲ್ಲುವ ಇನ್ ಆಟಗಾರನಿಗೂ ನಡುವೆ ಎಷ್ಟು ಗ್ಯಾಪ್ ಬಿತ್ತು ಅಂತ ಕಾಣುತ್ತದೆ. ಪಕ್ಕದ ಕ್ಯಾಮೆರಾದಲ್ಲಿ ಹಿಡಿದದ್ದು ಮಾತ್ರ ಕಾಣುತ್ತದೆ. ಹಿಡಿಯುವ ಮೊದಲು ಎಲ್ಲಿ ನಿಂತಿದ್ದ ಅಂತ ಹಿಂದಿನ ಕ್ಯಾಮೆರಾದಲ್ಲಿ ಮಾತ್ರ ಸಿಗುತ್ತದೆ.

ಬೇಜಾರಿನ ವಿಷಯ ಅಂದರೆ ಎಡಿಟ್ ಮಾಡಿದ ನಾಲ್ಕು ನಿಮಿಷದಲ್ಲಿ ಆ ಹಿಂದಿನ ಕ್ಯಾಮೆರಾದ ಒಂದೇ ಒಂದು ತುಣುಕೂ ಇಲ್ಲ! ಕೇಳಿದರೆ "ಸರ್, ಅದರಲ್ಲಿ ಎಫೆಕ್ಟ್ ಕಮ್ಮಿ" ಅಂದರು. ಎಫೆಕ್ಟ್ ಅಂದರೆ ಹೆಸರಿನ ಸುತ್ತ ಬೆಂಕಿ, ಕಿವಿ ಒಡೆಯುವ ಡ್ರಮ್ಮು, ಪ್ರತಿ ಹಿಡಿತಕ್ಕೂ ಮೂರು ಸಲ ಸ್ಲೋ ಮೋಷನ್. ಮದುವೆ ವಿಡಿಯೋ ಮಾಡಿದ ಕೈ ಅಂತ ಕೂಡಲೇ ಗೊತ್ತಾಗುತ್ತದೆ. ಅಕ್ಕನಿಗೆ ಮಾತ್ರ ಬಹಳ ಖುಷಿ. ಸಂಬಂಧಿಕರಿಗೆಲ್ಲ ಕಳಿಸಿ ಆಯ್ತು. ಹಿಂದಿನ ಕ್ಯಾಮೆರಾದ ಪೂರ್ತಿ ಪಂದ್ಯ ಬೇಕು ಅಂತ ನಾನು ಹಟ ಹಿಡಿದ ಮೇಲೆ 500 ರೂಪಾಯಿ ಜಾಸ್ತಿ ತೆಗೆದುಕೊಂಡು ಪೆನ್‌ಡ್ರೈವಿನಲ್ಲಿ ಹಾಕಿ ಕೊಟ್ಟರು. ಇಡೀ ವ್ಯವಹಾರದಲ್ಲಿ ನನಗೆ ಲಾಭ ಆಗಿದ್ದು ಆ 500 ರೂಪಾಯಿಯಲ್ಲಿ.

ಇನ್ನು ರಿಪೋರ್ಟ್. ಇದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು.

ಮೊದಲ ಪುಟದಲ್ಲೇ ದೊಡ್ಡ ಅಕ್ಷರದಲ್ಲಿ "ಓವರಾಲ್ ರೇಟಿಂಗ್ 84". ನೂರಕ್ಕೆ ಎಂಬತ್ತನಾಲ್ಕು. ಯಾರ ಎದುರಿಗೆ ಎಂಬತ್ತನಾಲ್ಕು? ಪ್ರೊ ಕಬಡ್ಡಿ ಆಟಗಾರನಿಗೆ ನೂರೋ, ನಮ್ಮ ತಾಲೂಕಿನ ಒಳ್ಳೆಯ ಆಟಗಾರನಿಗೆ ನೂರೋ? ಎಲ್ಲೂ ಬರೆದಿಲ್ಲ.

ಎರಡನೇ ಪುಟದಲ್ಲಿ "ಒಂದು ಪಂದ್ಯಕ್ಕೆ ಸರಾಸರಿ 5 ಟ್ಯಾಕಲ್ ಪಾಯಿಂಟ್". ಟ್ಯಾಕಲ್ ಅಂದರೆ ರೈಡರ್‌ನನ್ನು ಹಿಡಿಯುವುದು. ಪ್ರೊ ಕಬಡ್ಡಿಯಲ್ಲಿ ಒಂದು ಪಂದ್ಯದಲ್ಲಿ ಐದು ಟ್ಯಾಕಲ್ ಪಾಯಿಂಟ್ ಬಂದರೆ ಅದಕ್ಕೆ ಹೈ ಫೈವ್ ಅಂತ ಹೆಸರಿಟ್ಟು ಕೊಂಡಾಡುತ್ತಾರೆ. ಯುಪಿ ಯೋಧಾದ ರೈಟ್ ಕಾರ್ನರ್ ನಿತೇಶ್ ಕುಮಾರ್ 2018ರಲ್ಲಿ ಒಂದೇ ಸೀಸನ್ನಿನಲ್ಲಿ 100 ಟ್ಯಾಕಲ್ ಪಾಯಿಂಟ್ ಮಾಡಿದ ಮೊದಲ ಡಿಫೆಂಡರ್ ಆದರು. ಅವರಿಗೂ ಪ್ರತಿ ಪಂದ್ಯದಲ್ಲಿ ಐದು ಬಂದಿಲ್ಲ. ನಮ್ಮ ಹುಡುಗನಿಗೆ ಬಂದದ್ದು ಹೇಗೆ? ಲೆಕ್ಕಕ್ಕೆ ತೆಗೆದುಕೊಂಡ ಪಂದ್ಯಗಳಲ್ಲಿ ಹೆಚ್ಚಿನವು 65 ಕೆಜಿ ವಿಭಾಗದ ಹಳೆಯ ವಿಡಿಯೋಗಳು, ಅವನು ಪ್ಲಸ್ ಟು ಓದುತ್ತಿದ್ದಾಗಿನವು. ಎದುರಿಗೆ ಬಂದ ರೈಡರ್‌ಗಳಲ್ಲಿ ಅರ್ಧ ಜನ ಹಗಲು ಕೆಲಸ ಮುಗಿಸಿ ರಾತ್ರಿ ಜೆರ್ಸಿ ಹಾಕಿಕೊಂಡು ಬಂದವರು. ಅಂಥವರನ್ನು ಹಿಡಿದದ್ದಕ್ಕೆ "ಉತ್ತಮ ಹಿಡಿತಗಾರ" ಕಪ್ ಸಿಗುತ್ತದೆ, ಸರಿ. ಆಯ್ಕೆದಾರರಿಗೆ ತೋರಿಸುವ ಲೆಕ್ಕ ಅದಲ್ಲ.

ಇನ್ನೂ ದೊಡ್ಡ ತಕರಾರು "ಟ್ಯಾಕಲ್ ಸಕ್ಸೆಸ್ 78%" ಅನ್ನುವುದರ ಮೇಲೆ. ಲೀಗಿನ ಹೆಸರಾಂತ ಡಿಫೆಂಡರ್‌ಗಳದ್ದೇ ಅರ್ಧಕ್ಕಿಂತ ಸ್ವಲ್ಪ ಮೇಲೆ ಇರುತ್ತದೆ. ನಾನು ಪೆನ್‌ಡ್ರೈವ್ ಹಾಕಿ ಕೂತು ಅವರ ಪಟ್ಟಿಯ ಜೊತೆ ತಾಳೆ ನೋಡಿದೆ. ಹುಡುಗ ಕೈ ಹಾಕಿ ಹಿಡಿತ ಸಿಕ್ಕಿದ್ದನ್ನು ಮಾತ್ರ ಪ್ರಯತ್ನ ಅಂತ ಬರೆದುಕೊಂಡಿದ್ದಾರೆ. ಹಾರಿ ಹೋಗಿ, ಕಾಲು ತಪ್ಪಿ, ರೈಡರ್ ಅವನನ್ನು ಮುಟ್ಟಿಕೊಂಡು ವಾಪಸ್ ಹೋದದ್ದನ್ನು ರೈಡರ್‌ನ ಟಚ್ ಪಾಯಿಂಟ್ ಅಂತ ಬಿಟ್ಟುಬಿಟ್ಟಿದ್ದಾರೆ. ಅದೂ ಡಿಫೆಂಡರ್‌ನ ತಪ್ಪಿದ ಟ್ಯಾಕಲ್ ಅಲ್ವಾ? ಅದನ್ನು ಸೇರಿಸಿದರೆ ಅಂಕೆ ಎಲ್ಲಿಗೋ ಇಳಿಯುತ್ತದೆ.

ಆ ರಿಪೋರ್ಟಿನಲ್ಲಿ ಇಲ್ಲದ್ದು ಇನ್ನೊಂದುಂಟು. ಕಾರ್ನರ್‌ನ ಬೆಲೆ ಇರುವುದು ಅವನು ಹಿಡಿಯದೆ ಬಿಟ್ಟ ರೈಡ್‌ಗಳಲ್ಲಿ. ಇದು ನನ್ನ ಖಚಿತ ಅಭಿಪ್ರಾಯ. ಒಂದು ರೈಡಿಗೆ 30 ಸೆಕೆಂಡ್. ಅಷ್ಟರಲ್ಲಿ ರೈಡರ್ ಬೋನಸ್ ಗೆರೆ ಹತ್ತಿರ ಬಂದು ಕಾಲು ಆಡಿಸುತ್ತಾನೆ, ಸುಮ್ನೆ ಕೆಣಕುತ್ತಾನೆ. ಬೋನಸ್ ಸಿಗಬೇಕಾದರೆ ಅಂಕಣದಲ್ಲಿ ಕಮ್ಮಿ ಅಂದರೆ ಆರು ಡಿಫೆಂಡರ್ ಇರಬೇಕು. ಒಂದು ಕಾಲು ಗೆರೆ ದಾಟಿ ಊರಿದಾಗ ಹಿಂದಿನ ಕಾಲು ಗಾಳಿಯಲ್ಲಿ ಇರಬೇಕು. ಕಾರ್ನರ್ ಕಾಯಬೇಕಾದ್ದು ಆ ಒಂದು ಗಳಿಗೆಗೆ. ಇಡೀ ಭಾರ ಒಂದೇ ಕಾಲಿನ ಮೇಲೆ. ಆಗ ಆಂಕಲ್ ಹೋಲ್ಡ್ ಹಾಕಿದರೆ, ಅಂದರೆ ಪಾದದ ಗಂಟು ಹಿಡಿದರೆ, ಎಂಥ ರೈಡರೂ ಬೀಳುತ್ತಾನೆ. ಅರ್ಧ ಸೆಕೆಂಡ್ ಮೊದಲು ಹೋದರೆ ಅವನು ಮೇಲಿಂದ ಹಾರಿ ಹೋಗುತ್ತಾನೆ. ಇವನು ನೆಲದಲ್ಲಿ, ಅವನು ಗೆರೆಯ ಆಚೆ.

ಅಳಿಯನ ಒಳ್ಳೆಯ ಗುಣ ಇಲ್ಲೇ ಉಂಟು. ಬೋನಸ್‌ಗೆ ಬಂದ ರೈಡರ್‌ನನ್ನು ಹಿಡಿಯುವ ಟೈಮಿಂಗ್ ಹುಟ್ಟಿನಿಂದ ಬಂದದ್ದು. ಕಲಿಸಿ ಬರುವಂಥದ್ದಲ್ಲ. ಕೈಯ ಹಿಡಿತ ಗಟ್ಟಿ. ಅಂಕಣದ ಬದಿಯ ಪಟ್ಟಿ ಉಂಟಲ್ಲ, ಲಾಬಿ, ಅದಕ್ಕೆ ಕಾಲಿಟ್ಟು ತಾನಾಗಿ ಔಟಾಗುವ ಚಾಳಿ ಇಲ್ಲ. ರೈಡರ್ ಎಳೆದರೂ ಮೊಣಕಾಲಿನಲ್ಲೇ ಜೊತೆಗೆ ಸರಿಯುತ್ತಾನೆ, ಬಿಡುವುದಿಲ್ಲ.

ಆದರೆ ಡೂ ಆರ್ ಡೈ ರೈಡ್ ಬಂದರೆ ಕಥೆ ಬೇರೆ. ಎರಡು ರೈಡ್ ಖಾಲಿ ಹೋದ ಮೇಲೆ ಮೂರನೆಯದರಲ್ಲಿ ಪಾಯಿಂಟ್ ತರದಿದ್ದರೆ ರೈಡರ್ ಔಟ್. ಅಂದರೆ ರೈಡರ್ ಬಂದೇ ಬರಬೇಕು, ಬೇರೆ ದಾರಿ ಇಲ್ಲ. ಡಿಫೆಂಡರ್ ಸುಮ್ಮನೆ ನಿಂತರೂ ಲಾಭ ಇವನದ್ದೇ. ಅಂಥ ಹೊತ್ತಿನಲ್ಲಿ ನಮ್ಮ ಹುಡುಗ ಹತ್ತು ಸೆಕೆಂಡಿನಲ್ಲೇ ನುಗ್ಗುತ್ತಾನೆ. ಅಡ್ವಾನ್ಸ್ ಟ್ಯಾಕಲ್ ಅನ್ನುತ್ತಾರಲ್ಲ, ಅದು. ಹಿಂದಿನ ಕ್ಯಾಮೆರಾದಲ್ಲಿ ನೋಡಿದರೆ ಪಕ್ಕದ ಇನ್, ಕವರ್ ಇಬ್ಬರೂ ಇನ್ನೂ ಜಾಗದಲ್ಲೇ ಇದ್ದಾರೆ, ಇವನೊಬ್ಬನೇ ಮುಂದೆ. ಸಪೋರ್ಟ್ ಬರುವುದು ಹೇಗೆ? ಇರಾನಿನ ಮೊಹಮ್ಮದ್‌ರೆಜಾ ಶಾದ್ಲೂ ಹೀಗೆ ನುಗ್ಗಿ ಹಿಡಿಯುವುದನ್ನು ನೋಡಿ ಕಾರ್ನರ್ ಆಡುವ ಎಳೆಯರೆಲ್ಲ ಹಾಳಾಗಿದ್ದಾರೆ. ಅವರನ್ನು 2023ರ ಹರಾಜಿನಲ್ಲಿ ಪುಣೇರಿ ಪಲ್ಟನ್ 2.35 ಕೋಟಿ ಕೊಟ್ಟು ತೆಗೆದುಕೊಂಡಿತು. ಆ ದೇಹ, ಆ ವೇಗ ಇದ್ದರೆ ನುಗ್ಗಲಿ. ನಾನು ಅಳಿಯನಿಗೆ ನೋಡು ಅಂತ ಹೇಳುವುದು ತಮಿಳುನಾಡಿನ ಧರ್ಮರಾಜ್ ಚೇರಲಾಥನ್ ಅವರನ್ನು. 40 ದಾಟಿದ ಮೇಲೆ, 2016ರಲ್ಲಿ, ಪಟ್ನಾ ಪೈರೇಟ್ಸ್ ಕ್ಯಾಪ್ಟನ್ ಆಗಿ ಕಪ್ ಗೆದ್ದವರು. ಆ ವಯಸ್ಸಿನಲ್ಲಿ ಕಾರ್ನರ್ ನಿಂತು ಆಡಿದ್ದು ಓಟದಿಂದಲ್ಲ, ಕಾಯುವುದರಿಂದ.

ಇನ್ನೊಂದು ಕೊರತೆ, ಮೂರು ಜನ ಉಳಿದಾಗ ಅವನು ಮೆತ್ತಗಾಗುತ್ತಾನೆ. ಸೂಪರ್ ಟ್ಯಾಕಲ್‌ಗೆ ಎರಡು ಪಾಯಿಂಟ್ ಸಿಗುವ ಜಾಗ ಅದು. ಅಲ್ಲಿ ಹಿಂದೆ ಹಿಂದೆ ಸರಿದು ಎಂಡ್ ಲೈನಿಗೆ ಅಂಟಿಕೊಳ್ಳುತ್ತಾನೆ. ಡ್ಯಾಶ್, ಅಂದರೆ ರೈಡರ್‌ನನ್ನು ಗುದ್ದಿ ಹೊರಗೆ ತಳ್ಳುವುದು, ಇಲ್ಲವೇ ಇಲ್ಲ. ತೈ ಹೋಲ್ಡ್, ತೊಡೆ ಹಿಡಿಯುವುದು, ಸುಮಾರು.

ಇದರಲ್ಲಿ ಒಂದು ಸಾಲೂ ಆರು ಪುಟದ ರಿಪೋರ್ಟಿನಲ್ಲಿ ಇಲ್ಲ. "ವೀಕ್‌ನೆಸ್" ಅನ್ನುವ ಚೌಕದಲ್ಲಿ "ಎಕ್ಸ್‌ಪೀರಿಯೆನ್ಸ್ ಬೇಕು" ಅಂತ ಮಾತ್ರ. 19 ವರ್ಷದ ಯಾವ ಹುಡುಗನಿಗೆ ಬೇಡ ಹೇಳಿ?

ಊರಿನ ವಿಷಯದಲ್ಲೂ ಎಡವಟ್ಟು. ರಾಜ್ಯ ಅನ್ನುವಲ್ಲಿ ಕರ್ನಾಟಕ ಅಂತ ಹಾಕಿದ್ದರು. ಕನ್ನಡ ಮಾತಾಡುತ್ತಾನೆ, ಕನ್ನಡ ಮೀಡಿಯಂ ಓದಿದವ, ಹಾಗಾಗಿ ಕರ್ನಾಟಕ ಅಂತ ತಿಳಿದುಕೊಂಡಿರಬೇಕು. ನಮ್ಮ ಮಟ್ಟಿಗೆ ಇದು ಸಣ್ಣ ತಪ್ಪಲ್ಲ ಮಾರಾಯ್ರೆ. ಕಾಸರಗೋಡಿನ ಹುಡುಗ ಆಡುವುದು ಕೇರಳದ ಅಸೋಸಿಯೇಶನ್ ಅಡಿಯಲ್ಲಿ. ರಾಷ್ಟ್ರಮಟ್ಟಕ್ಕೆ ಹೋಗಬೇಕಾದರೆ ಕೇರಳ ತಂಡದ ಬಾಗಿಲಿನಿಂದಲೇ ಹೋಗಬೇಕು. ಆಯ್ಕೆ ಮಾಡುವವರು ಕರ್ನಾಟಕದ ಪಟ್ಟಿಯಲ್ಲಿ ಇವನ ಹೆಸರು ಹುಡುಕಿದರೆ ಸಿಗುವುದಿಲ್ಲ. ಕ್ರೀಡಾ ಕೋಟಾದಲ್ಲಿ ಮಂಗಳೂರು, ಮೂಡುಬಿದಿರೆ ಕಡೆ ಕಾಲೇಜು ಸೇರಿದವರ ದಾರಿ ಬೇರೆ. ಇವನು ಇಲ್ಲೇ ಉಳಿದವ. ಇಲ್ಲಿ ಉಳಿದರೆ ದಾರಿ ಇಲ್ಲ ಅಂತೇನೂ ಅಲ್ಲ. ನಮ್ಮ ಕುಂಬಳೆಯ ಜಗದೀಶ್ ಬೆಂಗಾಲ್ ವಾರಿಯರ್ಸ್, ತೆಲುಗು ಟೈಟಾನ್ಸ್ ತಂಡಗಳಿಗೆ ಕೋಚ್ ಆದವರು. ಪುತ್ತೂರು ಕಡೆಯ ಪ್ರಶಾಂತ್ ಕುಮಾರ್ ರೈ ಪಟ್ನಾ ಪೈರೇಟ್ಸ್ ಕ್ಯಾಪ್ಟನ್ ಆದವರು. ಈ ಮಣ್ಣಿನ ಆಟ ತಂಡಗಳಿಗೆ ಗೊತ್ತಿಲ್ಲದ್ದಲ್ಲ. ಅದಕ್ಕೇ ಸುಳ್ಳು ಅಂಕೆ ಕಳಿಸಿದರೆ ಅವರಿಗೆ ಬೇಗ ಗೊತ್ತಾಗುತ್ತದೆ.

ಫೋನ್ ಮಾತುಕತೆಗೆ ಐದು ಸ್ಟಾರ್ ಯಾಕೆ ಕೊಟ್ಟೆ ಅಂದರೆ, ಆ ಮಾಜಿ ಆಟಗಾರರು ರಿಪೋರ್ಟನ್ನು ಓದಿಯೇ ಇರಲಿಲ್ಲ. ಪಂದ್ಯ ಮಾತ್ರ ನೋಡಿದ್ದರು. ಅಳಿಯನ ಹತ್ತಿರ ನೇರ ಕೇಳಿದರು, "ನೀನು ರೈಡರ್‌ನ ಮುಖ ಯಾಕೆ ನೋಡ್ತೀ?" ಹುಡುಗ ತಬ್ಬಿಬ್ಬು. ನಾವು ಫೋನಿನ ಜೊತೆಗೇ ವಿಡಿಯೋ ಹಾಕಿ ನೋಡಿದೆವು. ನಿಜ, ತಲೆ ಮೇಲೆ ಉಂಟು. "ಮುಖ ಸುಳ್ಳು ಹೇಳ್ತದೆ, ಕೈಯೂ ಸುಳ್ಳು ಹೇಳ್ತದೆ. ಸೊಂಟ ನೋಡು, ಕಾಲು ನೋಡು," ಅಂದರು. ಆಮೇಲೆ ತೂಕ 80ರ ಹತ್ತಿರ ತರುವುದು ಹೇಗೆ, ಡ್ಯಾಶ್ ಅಭ್ಯಾಸಕ್ಕೆ ಯಾರನ್ನು ಜೊತೆಗೆ ಹಾಕಿಕೊಳ್ಳಬೇಕು ಅಂತ ಹೇಳಿದರು. ಪ್ರೊ ಕಬಡ್ಡಿ ಬಗ್ಗೆ ಕೇಳಿದ್ದಕ್ಕೆ ಸುತ್ತಿ ಬಳಸಿ ಮಾತಾಡಲಿಲ್ಲ. "ಈಗ ಇಲ್ಲ. ಎರಡು ವರ್ಷ ಯೂನಿವರ್ಸಿಟಿ ಆಡಲಿ, ಮ್ಯಾಟ್ ಮೇಲೆ ಆಡಲಿ. ಹರಾಜಿಗೆ ಮೊದಲು ತಂಡಗಳು ಎಳೆಯರನ್ನು ತೆಗೆದುಕೊಳ್ಳುವ ನ್ಯೂ ಯಂಗ್ ಪ್ಲೇಯರ್ ದಾರಿ ಉಂಟಲ್ಲ, ಅದಕ್ಕೆ ನೋಡುವ." ಹರಾಜಿನ ಡಿ ವಿಭಾಗದ ಮೂಲ ಬೆಲೆಯೇ 9 ಲಕ್ಷ ಅಂತ ಕೇಳಿ ಅಕ್ಕ ಲೆಕ್ಕ ಹಾಕಲು ಶುರು ಮಾಡಿದ್ದಳು. ಅದು ಅಲ್ಲಿಗೇ ನಿಂತಿತು. ಹುಡುಗ ಮಾತ್ರ, "ಮಾವ, ಇವರು ಸರಿ ಹೇಳಿದ್ರು," ಅಂದ. ನಾನು ಇದನ್ನೇ ಹೇಳಿದಾಗ ಕಿವಿಗೆ ಹಾಕಿಕೊಂಡಿರಲಿಲ್ಲ!

ತೆಗೆದುಕೊಳ್ಳುವವರಿಗೆ ನನ್ನ ಸಲಹೆ ಇಷ್ಟೇ. ಪೂರ್ತಿ ಪ್ಯಾಕೇಜ್ ಬೇಡ. ಶೂಟಿಂಗ್ ಮತ್ತು ಫೋನ್ ಮಾತುಕತೆ ಮಾತ್ರ ಸಾಕು ಅಂತ ಕೇಳಿ. ನಾನು ವಿಚಾರಿಸಿದಾಗ 3,000ಕ್ಕೆ ಮಾಡಿಕೊಡುವ ಅಂದರು. ಎಂಡ್ ಲೈನ್ ಹಿಂದಿನ ಕ್ಯಾಮೆರಾ ಬೇಕೇ ಬೇಕು ಅಂತ ಮೊದಲೇ ಹೇಳಿ, ಏಣಿ ಊರಿನಲ್ಲೇ ವ್ಯವಸ್ಥೆ ಮಾಡಿ. ಎಡಿಟ್ ಮಾಡದ ಪೂರ್ತಿ ಪಂದ್ಯವನ್ನೇ ಕೋಚ್‌ಗಳಿಗೆ ಕಳಿಸಿ, ಡ್ರಮ್ಮು ಇಲ್ಲದೆ. 65 ಕೆಜಿ ಪಂದ್ಯ ಬೇಡ. ಮುಕ್ತ ವಿಭಾಗದ್ದೋ ಯೂನಿವರ್ಸಿಟಿಯದ್ದೋ ಆಗಲಿ, ಸೋತದ್ದಾದರೂ ಅಡ್ಡಿಯಿಲ್ಲ. ಪಂದ್ಯಾಟದ ಸೀಸನ್ ಶುರುವಾದ ಮೇಲೆ ಶನಿವಾರ, ಆದಿತ್ಯವಾರ ಅವರ ಡೇಟ್ ಸಿಗುವುದಿಲ್ಲ, ಮಳೆ ನಿಲ್ಲುವಾಗಲೇ ಬುಕ್ ಮಾಡಿ.

ರಿಪೋರ್ಟ್ ತಿದ್ದಿ ಕಳಿಸಿ ಅಂತ ಕೇಳಿದ್ದೆ. ಕಳಿಸಿದರು. ಕೇರಳ ಅಂತ ಸರಿಯಾಗಿದೆ. ಪೊಸಿಶನ್ ರೈಟ್ ಕಾರ್ನರ್ ಆಗಿದೆ.