ಹುರಿಯುವ ಕಾಫಿಯ ಹೊಗೆ ಅಳೆಯಲು ಯಾವ ಲೇಸರ್: 266 ಅಥವಾ 118?

ಕಾಫಿ ಬೀಜ ಹುರಿಯುವಾಗ ಏಳುವ ಹೊಗೆಯಲ್ಲಿ ನೂರಾರು ರಾಸಾಯನಿಕಗಳಿರುತ್ತವೆ, ಹೆಚ್ಚಿನವು ಲವಲೇಶ. ಹುರಿಯುತ್ತಿರುವಾಗಲೇ ಅವನ್ನು ಹಿಡಿಯಲು ಒಂದೇ ಟೈಮ್ ಆಫ್ ಫ್ಲೈಟ್ ಮಾಸ್ ಸ್ಪೆಕ್ಟ್ರೋಮೀಟರಿಗೆ (ಅಣುಗಳನ್ನು ಅಯಾನಾಗಿಸಿ, ಹಾರಲು ಹಿಡಿಯುವ ಸಮಯದಿಂದ ತೂಕ ಹೇಳುವ ಯಂತ್ರ) ಎರಡು ಬಗೆಯ ಬೆಳಕು ಕೊಟ್ಟು ನೋಡಿದೆವು: 266 ಮತ್ತು 118 ನ್ಯಾನೋಮೀಟರ್. ಎರಡೂ ಹುಟ್ಟುವುದು 1064 ನ್ಯಾನೋಮೀಟರಿನ ಎನ್‌ಡಿ-ಯಾಗ್ ಲೇಸರಿನಿಂದಲೇ.

266 ಪಡೆಯುವುದು ಸುಲಭ. ಎರಡು ಹರಳು ದಾಟಿಸಿದರೆ ಆಯ್ತು. ಇಲ್ಲಿ ಅಣು ಒಂದು ಫೋಟಾನ್ (ಬೆಳಕಿನ ಕಣ) ಹೀರಿ ನಡುವಿನ ಶಕ್ತಿಯ ಮೆಟ್ಟಿಲೇರಬೇಕು, ಇನ್ನೊಂದು ಹೀರಿ ಎಲೆಕ್ಟ್ರಾನ್ ಬಿಟ್ಟು ಅಯಾನಾಗಬೇಕು. ಬೆಂಜೀನ್ ಉಂಗುರವಿರುವ ಫೀನಾಲ್‌ಗಳಿಗೆ ಆ ಮೆಟ್ಟಿಲಿದೆ. ನೀರು, ನೈಟ್ರೋಜನ್, ಆಕ್ಸಿಜನ್‌ಗೆ ಇಲ್ಲ. ಹಾಗಾಗಿ ಹಿನ್ನೆಲೆ ಹೆಚ್ಚುಕಡಿಮೆ ಖಾಲಿ.

ನನಗೆ ತುಂಬಾ ಇಷ್ಟವಾದದ್ದು ಪೀಕ್‌ಗಳ ಸರದಿ. ಮೊದಲು ಅಣುತೂಕ 150ರಲ್ಲಿ ವಿನೈಲ್‌ಗ್ವಾಯಕಾಲ್ ಏಳುತ್ತದೆ. ಬೀಜದ ಕ್ಲೋರೋಜೆನಿಕ್ ಆಮ್ಲಗಳಿಂದ ಬಿಡಿಸಿಕೊಂಡ ಫೆರೂಲಿಕ್ ಆಮ್ಲ ಕಾರ್ಬನ್ ಡೈಆಕ್ಸೈಡ್ ಕಳೆದುಕೊಂಡಾಗ ಹುಟ್ಟುವುದು ಇದೇ. ಹುರಿತ ಕಡುವಾದಂತೆ ಅದು ಇಳಿಯುತ್ತದೆ, 124ರ ಗ್ವಾಯಕಾಲ್, 94ರ ಫೀನಾಲ್ ಮೇಲೆ ಬರುತ್ತವೆ. ಹುರಿತ ಎಲ್ಲಿಗೆ ಬಂತು ಅಂತ ಪರದೆಯ ಮೇಲೇ ಕಾಣುತ್ತದೆ.

118 ಹಟಮಾರಿ. 355 ನ್ಯಾನೋಮೀಟರ್ ಬೆಳಕನ್ನು ಕ್ಸೆನಾನ್ ತುಂಬಿದ ಕೋಶದೊಳಗೆ ಕೇಂದ್ರೀಕರಿಸಬೇಕು, ಸಿಗುವುದು ಚೂರೇ ಚೂರು. ಗಾಜಿನ ಲೆನ್ಸ್ ನಡೆಯುವುದಿಲ್ಲ, ಮೆಗ್ನೀಷಿಯಂ ಫ್ಲೋರೈಡ್ ಇಲ್ಲವೇ ಲಿಥಿಯಂ ಫ್ಲೋರೈಡ್ ಬೇಕು. ಕ್ಸೆನಾನ್ ಒತ್ತಡ ಕೊಂಚ ಆಚೀಚೆಯಾದರೂ ಸಿಗ್ನಲ್ ಬೀಳುತ್ತದೆ. ಉಳಿದ 355 ಒಳಗೆ ನುಗ್ಗಿದರೆ ಅಣುಗಳನ್ನು ಒಡೆಯುತ್ತದೆ.

ಆದರೂ ಅದನ್ನು ಬಿಡಲು ಮನಸ್ಸಾಗಲಿಲ್ಲ. ಒಂದೇ ಫೋಟಾನ್‌ನಲ್ಲಿ 10.5 ಎಲೆಕ್ಟ್ರಾನ್ ವೋಲ್ಟ್ ಶಕ್ತಿ ಇದೆ, ನಡುವಿನ ಮೆಟ್ಟಿಲು ಬೇಕಿಲ್ಲ. 44ರ ಪೀಕನ್ನೇ ನೋಡಿ. ಮಾಮೂಲಿ ಎಲೆಕ್ಟ್ರಾನ್ ಹೊಡೆತದ ವಿಧಾನದಲ್ಲಿ ಅಲ್ಲಿ ಕಾರ್ಬನ್ ಡೈಆಕ್ಸೈಡೇ ತುಂಬಿಕೊಂಡಿರುತ್ತದೆ. ಅದನ್ನು ಅಯಾನಾಗಿಸಲು 13.8 ಬೇಕು, ಅಸಿಟಾಲ್ಡಿಹೈಡ್‌ಗೆ 10.2 ಸಾಕು. ಹಾಗಾಗಿ 118ರಲ್ಲಿ ಅಸಿಟಾಲ್ಡಿಹೈಡ್ ನಿಚ್ಚಳವಾಗಿ ಸಿಗುತ್ತದೆ. 266 ಕಾಣದ ಅಸಿಟೋನ್ ಕೂಡ ಸಿಗುತ್ತದೆ. ತೊಂದರೆ ಅಂದರೆ, ಅಸಿಟೋನಿನ 58ರಲ್ಲೇ ಪ್ರೊಪಿಯಾನಾಲ್ಡಿಹೈಡ್ ಕೂಡ ಕೂರುತ್ತದೆ. ಯಾವುದು ಎಷ್ಟು ಅಂತ ಬೇರೆ ಮಾಡಲಾಗುವುದಿಲ್ಲ.

ಪರಿಚಯವಿಲ್ಲದ ಹೊಗೆಯನ್ನು ಮೊದಲ ಸಲ ನೋಡುವಾಗ ನಾನು 118 ಹಚ್ಚುತ್ತೇನೆ. ಹುರಿತದ ನಿಗಾಕ್ಕೆ, ಅಥವಾ ಎರಡರಲ್ಲಿ ಒಂದೇ ಬೆಳಕಿನ ಏರ್ಪಾಡಿಗೆ ಸಾಲುವಷ್ಟು ದುಡ್ಡಿದ್ದರೆ, 266. ಯಾವುದಾದರೂ ಸರಿ, ಹೊಗೆ ತರುವ ಕೊಳವೆಯನ್ನು ಬಿಸಿಯಾಗಿಡಿ. ತಣ್ಣಗಿದ್ದರೆ ಫೀನಾಲ್‌ಗಳು ದಾರಿಯಲ್ಲೇ ಅಂಟಿಕೊಳ್ಳುತ್ತವೆ. ಮತ್ತೆ, ರೋಬಸ್ಟಾದಲ್ಲಿ ಕ್ಲೋರೋಜೆನಿಕ್ ಆಮ್ಲ ಅರೇಬಿಕಾಗಿಂತ ಜಾಸ್ತಿ. ನಮ್ಮ ಕೊಡಗಿನಲ್ಲಿ ಎರಡೂ ಬೆಳೆಯುತ್ತವೆ ಅಲ್ವಾ, 150ರ ಮಾಪನವನ್ನು ಎರಡಕ್ಕೂ ಬೇರೆಬೇರೆ ಮಾಡಿಕೊಳ್ಳಿ.