ರಸ್ತೆ, ರೈಲು, ಲಾಂಚ್ ಕಾಮಗಾರಿಗಳ ಲೆಕ್ಕ ಕೇಳಲು ಮಾಹಿತಿ ಹಕ್ಕು: ದೀರ್ಘ ಬಳಕೆಯ ವಿಮರ್ಶೆ

ಅಂಕ: 5ಕ್ಕೆ 3.5. ಕಾಯ್ದೆಗೆ 5 ಕೊಡಬಹುದು. ಕಳೆದ ಒಂದೂವರೆ ಅಂಕ ಪೂರ್ತಿ ಮೇಲ್ಮನವಿಯ ವಿಳಂಬಕ್ಕೆ ಸೇರಿದ್ದು.

2005ರ ಅಕ್ಟೋಬರ್ 12ರಿಂದ ಜಾರಿಯಲ್ಲಿರುವ ಮಾಹಿತಿ ಹಕ್ಕು ಕಾಯ್ದೆಯನ್ನು ಒಂದು ಸೇವೆ ಎಂದುಕೊಂಡು ನೋಡಿದರೆ ಬೆಲೆ ತೀರಾ ಕಡಿಮೆ. ಅರ್ಜಿಗೆ 10 ರೂಪಾಯಿ, ನಕಲಿಗೆ ಪುಟಕ್ಕೆ 2 ರೂಪಾಯಿ. ಬಿಪಿಎಲ್ ಕಾರ್ಡ್ ಇದ್ದವರಿಗೆ ಶುಲ್ಕವಿಲ್ಲ. ಯಾಕೆ ಬೇಕು ಎಂದು ಕೇಳುವ ಅಧಿಕಾರ ಕಚೇರಿಗಿಲ್ಲ. 6(2)ನೇ ಕಲಂ ಅದನ್ನು ನೇರವಾಗಿ ತಡೆಯುತ್ತದೆ. ಇಷ್ಟಾದರೂ ಬಹಳಷ್ಟು ಅರ್ಜಿಗಳು ಎರಡು ಸಾಲಿನ ಹಿಂಬರಹದೊಂದಿಗೆ ವಾಪಸ್ ಬರುತ್ತವೆ. ಅರ್ಧಕ್ಕರ್ಧ ತಪ್ಪು ಕೇಳುವ ರೀತಿಯಲ್ಲೇ ಇರುತ್ತದೆ.

"ನಮ್ಮೂರ ರಸ್ತೆ ಒಂದೇ ಮಳೆಗೆ ಯಾಕೆ ಕಿತ್ತುಹೋಯಿತು?" ಎಂದು ಬರೆದರೆ ಉತ್ತರ ಸಿಗುವುದಿಲ್ಲ. ಕಚೇರಿಯಲ್ಲಿ ಈಗಾಗಲೇ ಇರುವ ದಾಖಲೆಯನ್ನಷ್ಟೇ ಕೊಡಬೇಕು, ಹೊಸದಾಗಿ ವಿವರಣೆ ತಯಾರಿಸಿ ಕೊಡಬೇಕಿಲ್ಲ ಎಂದು ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ. ಆದ್ದರಿಂದ ಪ್ರಶ್ನೆ ಬಿಟ್ಟು ಕಾಗದ ಕೇಳಬೇಕು. ಅದೂ ಆ ಕಾಮಗಾರಿಗೆ ಬಿಲ್ ಪಾವತಿಯಾಗಿದ್ದರೆ ಇರಲೇಬೇಕಾದ ಕಾಗದವನ್ನು.

ಮೊದಲು ರಸ್ತೆ ಯಾರದ್ದು ಎಂದು ತಿಳಿದುಕೊಳ್ಳಿ. ಮೈಲಿಗಲ್ಲಿನ ತಲೆಯ ಬಣ್ಣವೇ ಅರ್ಧ ಉತ್ತರ: ಹಳದಿ ಇದ್ದರೆ ರಾಷ್ಟ್ರೀಯ ಹೆದ್ದಾರಿ, ಹಸಿರು ಇದ್ದರೆ ರಾಜ್ಯ ಹೆದ್ದಾರಿ, ಕಿತ್ತಳೆ ಇದ್ದರೆ ಗ್ರಾಮೀಣ ರಸ್ತೆ. ಹಳದಿ ಕಂಡ ಕೂಡಲೇ ಹೆದ್ದಾರಿ ಪ್ರಾಧಿಕಾರಕ್ಕೆ ಬರೆಯಬೇಡಿ. ಎಷ್ಟೋ ರಾಷ್ಟ್ರೀಯ ಹೆದ್ದಾರಿಗಳ ಕೆಲಸ ಮಾಡಿಸುವುದು ಲೋಕೋಪಯೋಗಿ ಇಲಾಖೆಯ ರಾಷ್ಟ್ರೀಯ ಹೆದ್ದಾರಿ ವಿಭಾಗ. ತಪ್ಪು ಕಚೇರಿಗೆ ಹೋದ ಅರ್ಜಿಯನ್ನು 5 ದಿನದೊಳಗೆ ಸರಿಯಾದ ಕಡೆಗೆ ವರ್ಗಾಯಿಸಬೇಕು ಎಂದು 6(3)ನೇ ಕಲಂ ಹೇಳುತ್ತದೆ, ಆದರೆ ಆನ್‌ಲೈನ್‌ನಲ್ಲಿ ಒಂದು ತೊಡಕಿದೆ: ಕೇಂದ್ರದ ಪೋರ್ಟಲ್‌ನಲ್ಲಿ ರಾಜ್ಯದ ಕಚೇರಿಗೆ ಸಂಬಂಧಿಸಿದ ಅರ್ಜಿ ಹಾಕಿದರೆ ಅದು ಹಿಂದಿರುಗುತ್ತದೆ, ಶುಲ್ಕ ವಾಪಸ್ ಬರುವುದಿಲ್ಲ. ರೈಲ್ವೆಗೆ ಕೇಂದ್ರದ ಪೋರ್ಟಲ್, ಲೋಕೋಪಯೋಗಿ ಮತ್ತು ಪಂಚಾಯತ್ ರಾಜ್‌ಗೆ ಕರ್ನಾಟಕದ ಪೋರ್ಟಲ್ ಅಥವಾ ಅಂಚೆ.

ಕರ್ನಾಟಕದ ನಿಯಮದಲ್ಲಿ ಇನ್ನೆರಡು ಕಟ್ಟುಪಾಡುಗಳಿವೆ: ಒಂದು ಅರ್ಜಿಗೆ ಒಂದೇ ವಿಷಯ, ಸಾಮಾನ್ಯವಾಗಿ 150 ಪದದೊಳಗೆ. ಕೇಂದ್ರದಲ್ಲಿ ಮಿತಿ 500 ಪದ. ಈ 150 ಪದ ಹಲವರಿಗೆ ಕಿರಿಕಿರಿ. ಆದರೆ ಒಂದು ಕಾಮಗಾರಿಗೆ ಅಷ್ಟು ಸಾಕು. ನಮೂನೆ-ಎಯಲ್ಲಿ ವಿಷಯದ ಜಾಗಕ್ಕೆ ಬರೆಯುವುದು ಹೆಚ್ಚುಕಡಿಮೆ ಹೀಗೆ:

"ಸದರಿ ರಸ್ತೆಯ ಸರಪಳಿ 2.40 ರಿಂದ 3.40 ಕಿ.ಮೀ. ವರೆಗಿನ ಡಾಂಬರೀಕರಣ ಕಾಮಗಾರಿಗೆ ಸಂಬಂಧಿಸಿದ ಕೆಳಕಂಡ ದಾಖಲೆಗಳ ದೃಢೀಕೃತ ನಕಲು: ತಾಂತ್ರಿಕ ಮಂಜೂರಾತಿ ಪಡೆದ ಅಂದಾಜುಪಟ್ಟಿ, ಕಾರ್ಯಾದೇಶ, ಅಳತೆ ಪುಸ್ತಕದ ಸಂಬಂಧಿತ ಪುಟಗಳು, ಪಾವತಿಸಿದ ಎಲ್ಲಾ ಬಿಲ್ಲುಗಳು, ಗುಣಮಟ್ಟ ಪರೀಕ್ಷಾ ವರದಿಗಳು, ಗುತ್ತಿಗೆದಾರರು ಸಲ್ಲಿಸಿದ ಡಾಂಬರು ಖರೀದಿ ಇನ್‌ವಾಯ್ಸ್‌ಗಳು, ಕಾಮಗಾರಿ ಪೂರ್ಣಗೊಂಡ ಪ್ರಮಾಣಪತ್ರ, ದೋಷ ಹೊಣೆಗಾರಿಕೆ ಅವಧಿ ತಿಳಿಸುವ ಒಪ್ಪಂದದ ಪುಟ."

ಇಲ್ಲಿ "ಸರಪಳಿ", ಅಂದರೆ ರಸ್ತೆ ಶುರುವಾಗುವ ಜಾಗದಿಂದ ಅಳೆದ ದೂರ, ಮುಖ್ಯ. ಊರ ಹೆಸರಷ್ಟೇ ಕೊಟ್ಟರೆ "ಯಾವ ಕಾಮಗಾರಿ ಎಂದು ಸ್ಪಷ್ಟಪಡಿಸಿ" ಎಂದು ಬರೆದು ಒಂದು ತಿಂಗಳು ಕಳೆಯುತ್ತಾರೆ. ಒಂದೇ ತುಣುಕಿಗೆ ಎರಡು ಲೆಕ್ಕ ಶೀರ್ಷಿಕೆಯಲ್ಲಿ (ಹಣ ಬರುವ ಖಾತೆಯಲ್ಲಿ) ಬೇರೆ ಬೇರೆ ಹೆಸರಿನ ಕಾಮಗಾರಿ ತೋರಿಸಿದ್ದರೂ ಸಿಕ್ಕಿಬೀಳುವುದು ಸರಪಳಿಯಿಂದಲೇ. ದೇವಸ್ಥಾನದಿಂದ ಶಾಲೆವರೆಗೆ, ಬಸ್ ನಿಲ್ದಾಣದಿಂದ ಕಾಲೊನಿವರೆಗೆ ಎಂದು ಹೆಸರು ಎಷ್ಟು ಬದಲಾದರೂ ಕಿಲೋಮೀಟರ್ ಸುಳ್ಳು ಹೇಳುವುದಿಲ್ಲ.

ದಾಖಲೆ ಕೈಗೆ ಬಂದ ಮೇಲೆ ಮೊದಲು ತೆರೆಯಬೇಕಾದ್ದು ಅಳತೆ ಪುಸ್ತಕ, ಕಚೇರಿ ಮಾತಿನಲ್ಲಿ ಎಂಬಿ. ಪ್ರತಿ ಸಾಲಿನಲ್ಲಿ ಉದ್ದ, ಅಗಲ, ದಪ್ಪ, ಪ್ರಮಾಣ. ಕೆಳಗೆ ಅಳತೆ ತೆಗೆದ ದಿನಾಂಕ, ಇಂಜಿನಿಯರ್ ಸಹಿ, ಮೇಲಧಿಕಾರಿಯ ಪರಿಶೀಲನಾ ಅಳತೆಯ ಸಹಿ. ದಿನಾಂಕಗಳನ್ನು ಕಾರ್ಯಾದೇಶದ ಜೊತೆ ಇಟ್ಟು ನೋಡಿ. ಕಾರ್ಯಾದೇಶಕ್ಕೂ ಮುಂಚಿನ ಅಳತೆ ಇದ್ದರೆ, ಅಥವಾ ಇಡೀ ಕಿಲೋಮೀಟರಿನ ಜಲ್ಲಿ ಪದರ, ಡಾಂಬರು ಪದರ, ಚರಂಡಿ ಎಲ್ಲವೂ ಒಂದೇ ದಿನ ಅಳೆದಂತೆ ಇದ್ದರೆ ಅಲ್ಲಿ ನಿಂತು ಯೋಚಿಸಬೇಕು.

ದಪ್ಪದ ಲೆಕ್ಕವನ್ನು ಮನೆಯಲ್ಲೇ ಕೂತು ಪರೀಕ್ಷಿಸಬಹುದು. 5.5 ಮೀಟರ್ ಅಗಲದ ರಸ್ತೆಗೆ 30 ಮಿ.ಮೀ. ಬಿಟುಮಿನಸ್ ಕಾಂಕ್ರೀಟ್ ಹಾಕಿದರೆ ಕಿಲೋಮೀಟರಿಗೆ 165 ಘನ ಮೀಟರ್. ಘನ ಮೀಟರಿಗೆ ಸುಮಾರು 2.35 ಟನ್ ತೂಗುತ್ತದೆ. ಅಂದರೆ ಹತ್ತಿರ ಹತ್ತಿರ 388 ಟನ್ ಮಿಶ್ರಣ. ಅದರಲ್ಲಿ ಡಾಂಬರು ಶೇ 5.4 ಎಂದು ಹಿಡಿದರೆ 21 ಟನ್. ಈಗ ಗುತ್ತಿಗೆದಾರರು ಕೊಟ್ಟ ಇನ್‌ವಾಯ್ಸ್‌ಗಳ ತೂಕ ಕೂಡಿಸಿ. ನಿಜಕ್ಕೂ 25 ಮಿ.ಮೀ. ಹಾಕಿದ್ದರೆ ಬೇಕಾಗುವುದು 17.5 ಟನ್ ಮಾತ್ರ. ಕಿಲೋಮೀಟರಿಗೆ ಮೂರೂವರೆ ಟನ್ ವ್ಯತ್ಯಾಸ, 10 ಕಿಲೋಮೀಟರಿಗೆ 35 ಟನ್. ಇನ್‌ವಾಯ್ಸ್ ಸಲ್ಲಿಸುವ ಷರತ್ತು ಟೆಂಡರ್‌ನಲ್ಲಿ ಇದೆಯೇ ಎಂದು ಮೊದಲು ನೋಡಿಕೊಳ್ಳಿ. ದಿನಾಂಕವನ್ನೂ ಗಮನಿಸಿ: ಡಾಂಬರು ಹಾಕಿ ಮುಗಿದ ಮೇಲಿನ ಇನ್‌ವಾಯ್ಸ್ ಆ ರಸ್ತೆಯದ್ದಾಗಿರಲಾರದು.

ಮೇಲ್ಪದರಕ್ಕಿಂತ ಹೆಚ್ಚು ಎಚ್ಚರ ಬೇಕಾದ್ದು ಮುಚ್ಚಿಹೋಗುವ ಕೆಲಸಕ್ಕೆ. ಮಣ್ಣು ತುಂಬುವುದು, ಜಲ್ಲಿಯ ಕೆಳಪದರ, ಹಳೆ ರಸ್ತೆಯ ಏರುತಗ್ಗು ಸರಿಪಡಿಸುವ ಡಾಂಬರು: ಇವು ಒಮ್ಮೆ ಮುಚ್ಚಿದರೆ ಕಣ್ಣಿಗೆ ಕಾಣುವುದಿಲ್ಲ. ಇವುಗಳ ಪ್ರಮಾಣ ನಿಲ್ಲುವುದು ಕೆಲಸಕ್ಕೆ ಮುಂಚೆ ತೆಗೆದ ಆರಂಭಿಕ ಮಟ್ಟಗಳ, ಅಂದರೆ ನೆಲದ ಎತ್ತರದ ಅಳತೆಗಳ ಮೇಲೆ. ಆದ್ದರಿಂದ ಅವನ್ನು ಬರೆದಿಡುವ ಲೆವೆಲ್ ಪುಸ್ತಕದ ನಕಲನ್ನು ಹೆಸರು ಹಿಡಿದು ಕೇಳಿ. ಆರಂಭಿಕ ಮಟ್ಟದ ದಾಖಲೆಯೇ ಇಲ್ಲದೆ ಮಣ್ಣಿನ ಕೆಲಸಕ್ಕೆ ಹಣ ಹೋಗಿದ್ದರೆ, ಆ ಪಾವತಿಗೆ ಬುಡವೇ ಇಲ್ಲ.

ಈ ಸೇವೆಯ ಅತ್ಯುತ್ತಮ ಭಾಗವನ್ನು ಬಳಸುವವರೇ ಕಡಿಮೆ. 2(ಜೆ) ಕಲಂ ಪ್ರಕಾರ ಮಾಹಿತಿ ಹಕ್ಕು ಎಂದರೆ ನಕಲು ಪಡೆಯುವುದಷ್ಟೇ ಅಲ್ಲ. ಕಾಮಗಾರಿ ಮತ್ತು ಕಡತಗಳನ್ನು ಖುದ್ದು ಪರಿಶೀಲಿಸುವುದು, ಟಿಪ್ಪಣಿ ಮಾಡಿಕೊಳ್ಳುವುದು, ಸಾಮಗ್ರಿಯ ದೃಢೀಕೃತ ಮಾದರಿ ಪಡೆಯುವುದೂ ಅದರೊಳಗಿದೆ. 400 ಪುಟದ ಕಡತಕ್ಕೆ 800 ರೂಪಾಯಿ ಕಟ್ಟುವ ಬದಲು "ಕಡತ ಪರಿಶೀಲನೆಗೆ ದಿನಾಂಕ ನೀಡಿ" ಎಂದು ಕೇಳಿ. ಕೇಂದ್ರದ ನಿಯಮದಲ್ಲಿ ಮೊದಲ ಗಂಟೆ ಉಚಿತ, ನಂತರ ಗಂಟೆಗೆ 5 ರೂಪಾಯಿ. ನಕಲು ಕೇಳಿದಾಗ ಬಾರದ ಟಿಪ್ಪಣಿ ಹಾಳೆಗಳು ಪರಿಶೀಲನೆಯಲ್ಲಿ ಕಾಣಸಿಗುತ್ತವೆ. ಹಸಿರು ಹಾಳೆಯ ಮೇಲೆ ಯಾರು ಆಕ್ಷೇಪ ಎತ್ತಿದ್ದರು, ಯಾರು ಅದನ್ನು ಬದಿಗಿಟ್ಟು ಮುಂದಕ್ಕೆ ಕಳಿಸಿದರು ಎಂಬುದೆಲ್ಲ ಅಲ್ಲೇ ಇರುತ್ತದೆ. ಬೇಕಾದ ಪುಟಗಳನ್ನು ಗುರುತಿಸಿ ಅಷ್ಟಕ್ಕೇ ನಕಲು ಶುಲ್ಕ ಕಟ್ಟಿ. ಡಾಂಬರಿನ ಮಾದರಿ ಕೇಳುವಾಗ ಎಲ್ಲಿ, ಎಷ್ಟು, ಯಾರ ಸಮ್ಮುಖದಲ್ಲಿ ಎಂಬುದನ್ನು ಬರೆಯಿರಿ. ಮುಚ್ಚಿ ಮೊಹರು ಮಾಡಿ ಸಹಿ ಹಾಕಿ ಕೊಡದ ಮಾದರಿಗೆ ಮುಂದೆ ಎಲ್ಲೂ ಬೆಲೆಯಿಲ್ಲ.

ರೈಲ್ವೆ ಕಾಮಗಾರಿಗಳಲ್ಲಿ ಹೊಣೆ ಎರಡು ಕೈಯಲ್ಲಿ ಹಂಚಿಹೋಗಿರುತ್ತದೆ. ಹಳಿ ಮೇಲಿನ ಸೇತುವೆಯನ್ನೇ ನೋಡಿ. ಸಾಮಾನ್ಯವಾಗಿ ಹಳಿಯ ನೇರದ ಭಾಗ ರೈಲ್ವೆಯದ್ದು, ಎರಡೂ ಬದಿಯ ಕೂಡುರಸ್ತೆ ರಾಜ್ಯದ್ದು. ನಡುವಿನ ತುಂಡು ಮಾತ್ರ ಆಕಾಶಕ್ಕೆ ನಿಂತು, ಗೇಟಿನ ಮುಂದೆ ಸಾಲುಗಟ್ಟಿದ ವಾಹನಗಳ ನಡುವೆ ಆಂಬ್ಯುಲೆನ್ಸ್ ಸಿಕ್ಕಿಕೊಳ್ಳುವ ಸ್ಥಿತಿ ಹುಟ್ಟುವುದು ಈ ಹಂಚಿಕೆಯಿಂದ. ಒಬ್ಬರನ್ನು ಕೇಳಿದರೆ ಇನ್ನೊಬ್ಬರತ್ತ ಕೈ ತೋರಿಸುತ್ತಾರೆ. ಪರಿಹಾರ: ಒಂದೇ ದಿನ ಎರಡು ಅರ್ಜಿ, ಎರಡರಲ್ಲೂ ಅದೇ ನಾಲ್ಕು ದಿನಾಂಕಗಳ ದಾಖಲೆ. ಸಾಮಾನ್ಯ ವಿನ್ಯಾಸ ನಕ್ಷೆ (ಜಿಎಡಿ) ಸಲ್ಲಿಸಿದ್ದು, ಅನುಮೋದನೆಯಾದದ್ದು, ಪಾಲಿನ ಹಣ ಕಟ್ಟಿದ್ದು, ಕೂಡುರಸ್ತೆಗೆ ಭೂಮಿ ಹಸ್ತಾಂತರವಾದದ್ದು. ಎರಡೂ ಉತ್ತರಗಳನ್ನು ಅಕ್ಕಪಕ್ಕ ಇಟ್ಟರೆ ಕಡತ ಯಾರ ಮೇಜಿನ ಮೇಲೆ ಎಷ್ಟು ತಿಂಗಳು ಮಲಗಿತ್ತು ಎಂಬುದು ಗೊತ್ತಾಗುತ್ತದೆ.

ಹೊಸ ಮಾರ್ಗಗಳಿಗೂ ಇದೇ ಉಪಾಯ. ಬಾಗಲಕೋಟೆ–ಕುಡಚಿ, ಗದಗ–ವಾಡಿಯಂಥ ಯೋಜನೆಗಳಲ್ಲಿ ಅರ್ಧ ವೆಚ್ಚ ಮತ್ತು ಭೂಮಿ ರಾಜ್ಯದ್ದು. ಹಾಗಾಗಿ "ಭೂಮಿ ಸಿಕ್ಕಿಲ್ಲ" ಎಂಬ ರೈಲ್ವೆಯ ಮಾತನ್ನೂ "ಕೊಟ್ಟಾಗಿದೆ" ಎಂಬ ರಾಜ್ಯದ ಮಾತನ್ನೂ ಸರ್ವೆ ನಂಬರ್‌ವಾರು ಹಸ್ತಾಂತರ ಪಟ್ಟಿಯೇ ತೀರ್ಮಾನಿಸಬೇಕು. ಹಳಿ ಸಿದ್ಧವಾಗಿಯೂ ಪ್ರಯಾಣಿಕರ ರೈಲು ಓಡದಿದ್ದರೆ ರೈಲ್ವೆ ಸುರಕ್ಷತಾ ಆಯುಕ್ತರ ತಪಾಸಣಾ ವರದಿ ಮತ್ತು ಅದರಲ್ಲಿನ ಷರತ್ತುಗಳ ಪಾಲನೆಯ ಪತ್ರ ಕೇಳಿ. ಈ ಆಯುಕ್ತರು ಬರುವುದು ನಾಗರಿಕ ವಿಮಾನಯಾನ ಸಚಿವಾಲಯದ ಅಡಿ. ರೈಲ್ವೆ ಮಂಡಳಿಗೆ ಮಾತ್ರ ಬರೆದು ಕಾಯುತ್ತ ಕೂರಬೇಡಿ.

ನೀರು ದಾಟಿಸುವ ಲಾಂಚ್, ದೋಣಿ ಕಡವುಗಳ ಬಗ್ಗೆ ಅರ್ಜಿ ಹಾಕುವವರು ವಿರಳ. ಅದು ಆಗಬಾರದಿತ್ತು, ಏಕೆಂದರೆ ಇಲ್ಲಿ ಪಣಕ್ಕಿರುವುದು ಜೀವ. 2.44 ಕಿ.ಮೀ. ಉದ್ದದ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ 2025ರ ಜುಲೈ 14ರಂದು ಉದ್ಘಾಟನೆಯಾಗುವ ತನಕ ಸಿಗಂದೂರಿನ ಕಡೆಯ ಜನರಿಗೆ ಸುತ್ತುದಾರಿ ಬಿಟ್ಟರೆ ಶರಾವತಿ ಹಿನ್ನೀರಿನ ಲಾಂಚೇ ಗತಿ. ಬೇಸಿಗೆಯಲ್ಲಿ ನೀರು ಇಳಿದರೆ ವಾಹನ ಸಾಗಣೆಯೂ ನಿಲ್ಲುತ್ತಿತ್ತು. ಸೇತುವೆಯಿಲ್ಲದ ಕಡವುಗಳು ಇನ್ನೂ ಇವೆ. ಅಲ್ಲಿ ಕೇಳಬೇಕಾದ್ದು: ಒಳನಾಡು ಹಡಗುಗಳ ಕಾಯ್ದೆ, 2021ರ ಅಡಿ ನೋಂದಣಿ ಮತ್ತು ಸಮೀಕ್ಷಾ ಪ್ರಮಾಣಪತ್ರ, ಅದರ ಮುಕ್ತಾಯ ದಿನಾಂಕ, ಅನುಮತಿಸಿದ ಪ್ರಯಾಣಿಕರ ಸಂಖ್ಯೆ, ಜೀವರಕ್ಷಕ ಜಾಕೆಟ್‌ಗಳ ಸಂಖ್ಯೆ, ಚಾಲಕರ ಅರ್ಹತಾ ಪತ್ರ, ವಿಮೆ. ಜೀವ ಮತ್ತು ಸ್ವಾತಂತ್ರ್ಯಕ್ಕೆ ಸಂಬಂಧಿಸಿದ ಮಾಹಿತಿಯನ್ನು 48 ಗಂಟೆಯೊಳಗೆ ಕೊಡಬೇಕೆಂಬ ನಿಯಮವನ್ನು ಸುಮ್ಮನೆ ಎಲ್ಲದಕ್ಕೂ ಬಳಸಿದರೆ ತಿರಸ್ಕಾರ ಖಚಿತ. ಪ್ರಮಾಣಪತ್ರದ ಅವಧಿ ಮುಗಿದ ಲಾಂಚ್ ದಿನವೂ ಜನರನ್ನು ತುಂಬಿಕೊಂಡು ಓಡುತ್ತಿದ್ದರೆ, ಅದನ್ನು ಅರ್ಜಿಯಲ್ಲಿ ಬರೆದು ಈ ನಿಯಮ ಕೇಳುವುದರಲ್ಲಿ ಅರ್ಥವಿದೆ.

ಇನ್ನು ಕೈಕೊಡುವ ಜಾಗಗಳು. "ವಾಣಿಜ್ಯ ಗೌಪ್ಯತೆ" ಎಂಬ 8(1)(ಡಿ) ಉತ್ತರ ಟೆಂಡರ್ ತೆರೆಯುವ ಮುಂಚೆ ಒಪ್ಪಬಹುದಾದ್ದು; ಒಪ್ಪಂದಕ್ಕೆ ಸಹಿ ಬಿದ್ದು ಸಾರ್ವಜನಿಕ ಹಣ ಪಾವತಿಯಾದ ಮೇಲೆ ಅದಕ್ಕೆ ಬಲವಿಲ್ಲ. ವೈಯಕ್ತಿಕ ಮಾಹಿತಿಯ 8(1)(ಜೆ) ಕಲಮನ್ನು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಇನ್ನಷ್ಟು ಬಿಗಿ ಮಾಡಿದೆ, ಇದು ನಿಜವಾದ ಹಿನ್ನಡೆ. ಅಧಿಕಾರಿಯ ಹೆಸರಿನ ಬದಲು ಹುದ್ದೆ ಕೇಳಿ. 8(2)ನೇ ಕಲಮಿನ ಸಾರ್ವಜನಿಕ ಹಿತದ ವಾದವನ್ನು ಮೇಲ್ಮನವಿಯಲ್ಲಿ ಎತ್ತಿ, 10ನೇ ಕಲಮಿನಂತೆ ಗೌಪ್ಯ ಭಾಗ ಮುಚ್ಚಿ ಉಳಿದದ್ದು ಕೊಡಿ ಎಂದೂ ಸೇರಿಸಿ. "ಕಡತ ಲಭ್ಯವಿಲ್ಲ" ಎಂಬ ಹಿಂಬರಹ ಬಂದರೆ, ಕಡತ ಚಲನವಲನ ವಹಿಯಲ್ಲಿ ಆ ಕಡತದ ಕೊನೆಯ ನಮೂದಿನ ನಕಲು ಕೇಳುವುದು ಮುಂದಿನ ಹೆಜ್ಜೆ.

30 ದಿನದಲ್ಲಿ ಉತ್ತರ ಬಾರದಿದ್ದರೆ ಮಾಹಿತಿ ಉಚಿತವಾಗಿ ಕೊಡಬೇಕು. ಅಲ್ಲಿಂದ 30 ದಿನದೊಳಗೆ ಮೊದಲ ಮೇಲ್ಮನವಿ. ಅದು 30 ದಿನದಲ್ಲಿ, ಹೆಚ್ಚೆಂದರೆ 45 ದಿನದಲ್ಲಿ ಇತ್ಯರ್ಥವಾಗಬೇಕು. ಆಮೇಲೆ 90 ದಿನದೊಳಗೆ ಮಾಹಿತಿ ಆಯೋಗಕ್ಕೆ ಎರಡನೇ ಮೇಲ್ಮನವಿ. ಆಯೋಗಕ್ಕೆ ಕಾಯ್ದೆ ಗಡುವು ಹಾಕಿಲ್ಲ, ಇಡೀ ವ್ಯವಸ್ಥೆ ಕುಂಟುವುದು ಇಲ್ಲೇ. ದಿನಕ್ಕೆ 250, ಗರಿಷ್ಠ 25,000 ರೂಪಾಯಿ ದಂಡ ಎಂದು ಕಾಯ್ದೆಯಲ್ಲಿದ್ದರೂ, ವಿಚಾರಣೆಯೇ ತಡವಾದರೆ ದಂಡದ ಭಯ ಎಲ್ಲಿಂದ ಬರಬೇಕು? ಒಂದು ಎಚ್ಚರಿಕೆ: ಕಾಗದ ಬೇಕಿದ್ದರೆ 18ನೇ ಕಲಮಿನ ದೂರು ಬೇಡ, 19(3)ರ ಮೇಲ್ಮನವಿಯನ್ನೇ ಹಾಕಿ. ದೂರಿನ ಮೇಲೆ ಮಾಹಿತಿ ಕೊಡಿಸುವ ಅಧಿಕಾರ ಆಯೋಗಕ್ಕಿಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಿದೆ.

ಅರ್ಜಿಯಿಂದ ಗುಂಡಿ ಮುಚ್ಚುವುದಿಲ್ಲ. ಸಿಕ್ಕ ದಾಖಲೆಯನ್ನು ಎಲ್ಲಿಗೆ ಒಯ್ಯುತ್ತೀರಿ ಎಂಬುದರ ಮೇಲೆ ಮುಂದಿನದು. ಲಂಚ, ಸುಳ್ಳು ಬಿಲ್ಲಿನ ಗುಮಾನಿಗೆ ಲೋಕಾಯುಕ್ತ. ಪ್ರಧಾನಮಂತ್ರಿ ಗ್ರಾಮ ಸಡಕ್ ರಸ್ತೆಯಾದರೆ ಮೇರಿ ಸಡಕ್ ಆ್ಯಪ್‌ನಲ್ಲಿ ಫೋಟೊ ಸಮೇತ ದೂರು; ಆ ರಸ್ತೆಗಳಿಗೆ ಗುತ್ತಿಗೆದಾರರ 5 ವರ್ಷದ ನಿರ್ವಹಣೆ ಒಪ್ಪಂದದಲ್ಲೇ ಇದೆ. ತಪ್ಪು ವಿನ್ಯಾಸ, ಕಳಪೆ ನಿರ್ವಹಣೆಯಿಂದ ಸಾವು, ಅಂಗವೈಕಲ್ಯವಾದರೆ ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿದ 198ಎ ಕಲಂ ಗುತ್ತಿಗೆದಾರ, ಸಲಹೆಗಾರ, ಪ್ರಾಧಿಕಾರ ಮೂವರನ್ನೂ 1 ಲಕ್ಷ ರೂಪಾಯಿವರೆಗಿನ ದಂಡಕ್ಕೆ ಗುರಿಮಾಡುತ್ತದೆ.

ಎಲ್ಲಕ್ಕಿಂತ ಮುಖ್ಯವಾದ ದಿನಾಂಕ ದೋಷ ಹೊಣೆಗಾರಿಕೆ ಅವಧಿ ಮುಗಿಯುವ ದಿನ. ಅಲ್ಲಿಯವರೆಗೆ ಭದ್ರತಾ ಠೇವಣಿ ಇಲಾಖೆಯ ಕೈಯಲ್ಲಿರುತ್ತದೆ, ದುರಸ್ತಿ ಖರ್ಚು ಗುತ್ತಿಗೆದಾರರದ್ದು. ಅದು ಮುಗಿಯಲು ಆರು ತಿಂಗಳಿರುವಾಗಲೇ ಅರ್ಜಿ ಹಾಕಿ, ಮಳೆಗಾಲದಲ್ಲಿ ಕಿತ್ತ ಜಾಗಗಳ ದಿನಾಂಕವಿರುವ ಫೋಟೊಗಳನ್ನು ಸರಪಳಿ ಬರೆದು ಕಾರ್ಯಪಾಲಕ ಇಂಜಿನಿಯರರಿಗೆ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ, ರಸೀದಿ ಇಟ್ಟುಕೊಳ್ಳಿ. ಠೇವಣಿ ವಾಪಸ್ ಹೋದ ಮೇಲೆ ಅದೇ ಗುಂಡಿಗೆ ಹೊಸ ಅಂದಾಜುಪಟ್ಟಿ ತಯಾರಾಗುತ್ತದೆ, ಹಣ ಮತ್ತೆ ಸರ್ಕಾರದ್ದೇ.