"ಸೀಲ್ ಪ್ಯಾಕ್" ಅಂತ ಆರು ವರ್ಷ ಹಳೇ ರನ್ನಿಂಗ್ ಶೂ ಮಾರ್ತಿದ್ದಾರೆ, ಡಬ್ಬದ ಸ್ಟಿಕ್ಕರ್ ಕಿತ್ತು ನೋಡಿ

ಹಾಫ್ ಮ್ಯಾರಥಾನ್‌ಗೆ ತಯಾರಿ ಮಾಡ್ತಿರೋರು, ಬೆಂಗಳೂರಿನ 10 ಕಿ.ಮೀ. ಓಟ ವರ್ಲ್ಡ್ 10ಕೆ ಹತ್ತಿರ ಬಂತು ಅಂತ ಶೂ ಹುಡುಕ್ತಿರೋರು ದಯವಿಟ್ಟು ಪೂರ್ತಿ ಓದಿ. ಬೆಂಗಳೂರಲ್ಲಿ ವಾಟ್ಸಾಪ್‌ನಲ್ಲಿ ಫೋಟೋ ಕಳಿಸಿ, ಮಹಡಿ ಮೇಲಿನ ಸಣ್ಣ ಅಂಗಡಿಗೆ ಕರೆಸಿ, "ಹೋದ ವರ್ಷದ ಮಾಡೆಲ್, ಸೀಲ್ ಪ್ಯಾಕ್, 60 ಪರ್ಸೆಂಟ್ ಆಫ್" ಅಂತ ಮಾರೋ ಒಬ್ಬರ ಹತ್ತಿರ ಮೋಸ ಹೋಗಿದ್ದೀನಿ. ಎಂಆರ್‌ಪಿ ₹12,999. ನಾನು ಕೊಟ್ಟಿದ್ದು ₹5,200. ಹೋದ ವರ್ಷದ್ದಲ್ಲ ಅದು. ಆರು ವರ್ಷ ಗೋಡೌನ್‌ನಲ್ಲಿ ಬೆಂದ ಮಾಲು. ನಕಲಿ ಶೂ ಅಲ್ಲ, ತಯಾರಿಸಿದ ಕಂಪನಿಯ ತಪ್ಪೂ ಅಲ್ಲ. ಅಸಲಿ ಶೂನೇ, ಆದ್ರೆ ಆಯಸ್ಸು ಮುಗಿದಿರೋ ಶೂ.

ಹೊಸ ಮಾಡೆಲ್ ಬಂದ ತಕ್ಷಣ ಹಳೇದರ ಬೆಲೆ ಇಳಿಯೋದು ಎಲ್ಲರಿಗೂ ಗೊತ್ತು. ಓಡೋರು ಅರ್ಧ ಜನ ಹಾಗೇ ಕೊಳ್ಳೋದು. ಅದಕ್ಕೇ ಅನುಮಾನ ಬರಲಿಲ್ಲ. ಡಬ್ಬದ ಮೇಲೆ "ಮಾರ್ಚ್ 2024" ಅಂತ ಸ್ಟಿಕ್ಕರ್ ಇತ್ತು, ಎಂಆರ್‌ಪಿ ಇತ್ತು, ಆಮದು ಮಾಡಿದವರ ವಿಳಾಸ ಇತ್ತು. ಶೂ ನಾಲಿಗೆ (ಲೇಸ್ ಕೆಳಗಿನ ಪಟ್ಟಿ) ಒಳಗೆ ಇರೋ ಸಣ್ಣ ಬಟ್ಟೆ ಲೇಬಲ್ ಮಾತ್ರ ಕತ್ತರಿಸಿತ್ತು. ಹೊಲಿಗೆ ಹತ್ತಿರ ಅರ್ಧ ಸೆಂಟಿಮೀಟರ್ ಚೂರು ಉಳಿದಿತ್ತು ಅಷ್ಟೇ. ಕೇಳಿದೆ. "ಅದು ಓಡುವಾಗ ಚುಚ್ಚುತ್ತೆ ಸರ್, ಕಸ್ಟಮರ್ಸ್ ಕಂಪ್ಲೇಂಟ್ ಮಾಡ್ತಾರೆ, ಅದಕ್ಕೆ ನಾವೇ ಕಟ್ ಮಾಡಿ ಕೊಡ್ತೀವಿ" ಅಂದ್ರು. ನಂಬಿದೆ. ಅಲ್ಲೇ ಎದ್ದು ಬರಬೇಕಿತ್ತು. ಸೀಲ್ ಪ್ಯಾಕ್ ಅಂತ ಹೇಳೋ ಶೂ ಒಳಗಿನ ಲೇಬಲ್ ಅಂಗಡಿಯವರು ಹೇಗೆ ಕತ್ತರಿಸಿದ್ರು? ಈ ಪ್ರಶ್ನೆ ಆ ಹೊತ್ತಿಗೆ ತಲೆಗೆ ಬರಲೇ ಇಲ್ಲ. ಪ್ರತಿ ಜೋಡಿ ಎಷ್ಟು ಕಿಲೋಮೀಟರ್ ಓಡಿದೆ ಅಂತ ಲೆಕ್ಕ ಇಡೋ ಅಭ್ಯಾಸ ಇರೋ ನನಗೇ ಹೊಳೀಲಿಲ್ಲ ಅನ್ನೋದು ಇವತ್ತಿಗೂ ನಾಚಿಕೆ.

ಆ ಲೇಬಲ್‌ನಲ್ಲೇ ಇರೋದು ಎಲ್ಲಾ. ಅಳತೆ, ಮಾಡೆಲ್ ಕೋಡ್, ತಯಾರಾದ ದೇಶ, ಬಹಳಷ್ಟು ಕಂಪನಿಗಳಲ್ಲಿ ತಯಾರಾದ ತಾರೀಖು. ಅಲ್ಲಿರೋ ಕೋಡ್ ಡಬ್ಬದ ಕೋಡ್‌ಗೆ ಹೊಂದಬೇಕು. ಲೇಬಲ್ ಇಲ್ಲ ಅಂದ್ರೆ ಶೂ ವಯಸ್ಸು ಹೇಳೋ ಸಾಕ್ಷಿನೇ ಇಲ್ಲ.

ಈಗ ಓಟದ ವಿಷಯ. ವಾರಕ್ಕೆ ನಾಲ್ಕು ದಿನ, ಸುಮಾರು 42 ಕಿ.ಮೀ. ಎರಡು ಜೋಡಿ ಅದಲು ಬದಲು. ಮೊದಲ ವಾರ ಎರಡೂ ಮೀನಖಂಡ ಬಿಗಿದುಕೊಂಡ್ವು. ಅದಕ್ಕೆ ಹೆದರಲಿಲ್ಲ. ಹಿಮ್ಮಡಿ ಎತ್ತರ ಒಂದೆರಡು ಮಿಲಿಮೀಟರ್ ಕಡಿಮೆ ಇರೋ ಶೂಗೆ ಬದಲಾದ್ರೆ ಮೀನಖಂಡಕ್ಕೆ ಕೆಲಸ ಜಾಸ್ತಿ ಬೀಳುತ್ತೆ. ಓಟದ ಮೈಕೈ ನೋವಿಗೆ ಒಂದು ಲೆಕ್ಕ ಇದೆ: ಓಡಿದ ಮಾರನೇ ದಿನ ಏಳುತ್ತೆ, 24ರಿಂದ 72 ಗಂಟೆ ಒಳಗೆ ಜೋರಾಗುತ್ತೆ, ಆಮೇಲೆ ಇಳಿಯುತ್ತೆ, ಎರಡೂ ಕಾಲಲ್ಲಿ ಹೆಚ್ಚು ಕಡಿಮೆ ಒಂದೇ ಥರ, ಹತ್ತು ನಿಮಿಷ ನಿಧಾನಕ್ಕೆ ಓಡಿದ್ರೆ ಸಡಿಲ ಆಗುತ್ತೆ. ನನಗೆ ಬಂದಿದ್ದು ಹಾಗಿರಲಿಲ್ಲ. ಎರಡನೇ ವಾರಕ್ಕೆ ಬೆರಳುಗಳ ಬುಡದಲ್ಲಿ ಅಂಗಾಲು ಉರಿ, ಎಡ ಕಣಕಾಲಿನ ಮೂಳೆಯ ಒಳಅಂಚಲ್ಲಿ ನಾಲ್ಕು ಬೆರಳಗಲ ನೋವು. ಓಡ್ತಾ ಓಡ್ತಾ ಕಡಿಮೆ ಆಗೋದು ಬಿಟ್ಟು 6 ಕಿ.ಮೀ. ಆದ್ಮೇಲೆ ಶುರು ಆಗೋದು. (ಇಂಥ ನೋವು ಉದ್ದಕ್ಕೆ ಹರಡಿದ್ರೆ ಓಟ ಕಡಿಮೆ ಮಾಡಿ ನೋಡಬಹುದು. ಒಂದು ಬೆರಳಿಟ್ಟು ತೋರಿಸೋ ಹಾಗೆ ಒಂದೇ ಚುಕ್ಕೆಯಲ್ಲಿ ನೋವಿದ್ರೆ ಓಟ ನಿಲ್ಲಿಸಿ ಮೂಳೆ ಡಾಕ್ಟರಿಗೆ ತೋರಿಸಿ, ಮೂಳೆ ಬಿರುಕಿರಬಹುದು.)

ಅಂಗಡಿಯವರಿಗೆ ಮೆಸೇಜ್ ಹಾಕಿದೆ. ಉತ್ತರ: "ಸರ್ ನೀವು ಹಿಮ್ಮಡಿ ಊರಿ ಓಡ್ತೀರ, ಫಾರ್ಮ್ ಸರಿ ಮಾಡ್ಕೊಳ್ಳಿ." ನಾನು ಓಡೋದನ್ನ ಅವರು ನೋಡೇ ಇಲ್ಲ! ಎರಡನೇ ಉತ್ತರ: "ಕಾಂಕ್ರೀಟ್ ಮೇಲೆ ಓಡಬೇಡಿ, ರೂಟ್ ಚೇಂಜ್ ಮಾಡಿ." ಮೂರನೇದು: "100 ಕಿಲೋಮೀಟರ್ ಆದ್ಮೇಲೆ ಪಳಗುತ್ತೆ ಸರ್, ಎಲ್ಲರಿಗೂ ಹಾಗೇ." ಸುಳ್ಳು. ಚರ್ಮದ ಶೂ ಪಳಗಬೇಕು. ಈಗಿನ ರನ್ನಿಂಗ್ ಶೂ ಮೊದಲ ಎರಡು ಮೂರು ಓಟದಲ್ಲೇ ಕಾಲಿಗೆ ಕೂರುತ್ತೆ. ಕೂರಲಿಲ್ಲ ಅಂದ್ರೆ ಅಳತೆ ಸರಿ ಇಲ್ಲ ಅಥವಾ ಶೂ ಸರಿ ಇಲ್ಲ.

ಆದ್ರೂ ರೂಟ್ ಮೇಲೆ ಅನುಮಾನ ಬಂದಿದ್ದು ನಿಜ. ರಸ್ತೆ ಅಂಚು ಇಳಿಜಾರಿರುತ್ತೆ, ಯಾವಾಗಲೂ ಒಂದೇ ಕಡೆ ಓಡಿದ್ರೆ ಒಂದು ಕಾಲಿಗೇ ಹೊಡೆತ. ಅದಕ್ಕೆ ಪರೀಕ್ಷೆ ಮಾಡಿದೆ. ಭಾನುವಾರ ಕಬ್ಬನ್ ಪಾರ್ಕ್ ಒಳಗೆ ಗಾಡಿ ಇರಲ್ಲ, ರಸ್ತೆ ನಡುವೆ ಓಡಬಹುದು. ಒಂದು ಭಾನುವಾರ ಹಳೇ ಜೋಡಿ, ಮುಂದಿನ ಭಾನುವಾರ ಈ ಜೋಡಿ. ಅದೇ ಸುತ್ತು, ಅದೇ 10 ಕಿ.ಮೀ., ಅದೇ ವೇಗ, ಕಿಲೋಮೀಟರಿಗೆ 6 ನಿಮಿಷ 20 ಸೆಕೆಂಡ್. ಹಳೇ ಜೋಡಿ ಅಷ್ಟೊತ್ತಿಗೆ 640 ಕಿ.ಮೀ. ಓಡಿತ್ತು. 500ರಿಂದ 800ರ ಒಳಗೆ ಬದಲಾಯಿಸೋದು ರೂಢಿ, ಅಂದ್ರೆ ಅದರ ಕೊನೆಗಾಲ. ಆ ಸವೆದ ಶೂನಲ್ಲಿ ನೋವಿಲ್ಲ! "ಹೊಸ" ಶೂನಲ್ಲಿ 7ನೇ ಕಿಲೋಮೀಟರಿಗೆ ನಿಲ್ಲಿಸಿ ನಡೀಬೇಕಾಯ್ತು.

24ನೇ ದಿನ, ಒಟ್ಟು 112 ಕಿ.ಮೀ. ಆಗಿದ್ದಾಗ ಎಡ ಶೂ ಮುಂಭಾಗದ ಕಪ್ಪು ರಬ್ಬರ್ ಎದ್ದು ಬಂತು. ಸವೆದಿಲ್ಲ, ಅಚ್ಚು ಹಾಗೇ ಇದೆ, ಆದ್ರೆ ಪೂರ್ತಿ ಬಿಟ್ಟುಕೊಂಡಿದೆ. ರಸ್ತೆ ಬದಿ ಶೂ ರಿಪೇರಿ ಮಾಡೋರಿಗೆ ಕೊಟ್ಟೆ. ಅವರು ಅಂಟಿಸಲಿಲ್ಲ. ಉಗುರಲ್ಲಿ ಕೆರೆದು ತೋರಿಸಿದ್ರು. ಅಂಟು ಹಳದಿ ಪುಡಿ ಆಗಿ ಉದುರ್ತಿತ್ತು. "ಇದು ಹೊಸಾ ಶೂ ಅಂತ ಯಾರು ಕೊಟ್ರು ನಿಮಗೆ? ಗಮ್ ಸತ್ತೋಗಿದೆ. ವರ್ಷಗಟ್ಲೆ ಇಟ್ಟಿರೋ ಮಾಲು ಸ್ವಾಮಿ" ಅಂದ್ರು.

ಮನೆಗೆ ಬಂದು ಡಬ್ಬ ತೆಗೆದೆ. ಸ್ಟಿಕ್ಕರ್ ಅಂಚು ಸ್ವಲ್ಪ ದಪ್ಪ. ಕೂದಲು ಒಣಗಿಸೋ ಡ್ರೈಯರ್ ಹಿಡಿದೆ, ಒಂದು ನಿಮಿಷಕ್ಕೆ ಸುಲಿದು ಬಂತು. ಕೆಳಗೆ ಇನ್ನೊಂದು ಸ್ಟಿಕ್ಕರ್. ಅದೇ ಮಾಡೆಲ್ ಕೋಡ್, ಅದೇ ಅಳತೆ, ಎಂಆರ್‌ಪಿ ₹7,999, ಆಗಸ್ಟ್ 2018. ತಾರೀಖು ಸುಳ್ಳು, ಬೆಲೆನೂ ಸುಳ್ಳು. ಅರವತ್ತು ಪರ್ಸೆಂಟ್ ಕಡಿತ ಅನ್ನೋದೇ ಸುಳ್ಳು. ಆ ಎರಡು ಸಾಲನ್ನ ಎಷ್ಟು ಸಲ ಓದಿದೆನೋ. ಕೈ ನಡುಗ್ತಿತ್ತು.

ಫೋಟೋ ಕಳಿಸಿದೆ. ಬಂದ ಉತ್ತರ ಹಾಗೇ ಹಾಕ್ತೀನಿ: "ಶೂ ಯಾರೂ ಹಾಕೇ ಇಲ್ಲ ಸರ್, ಡಬ್ಬದಲ್ಲೇ ಇತ್ತು, ಹಳೇದು ಹೇಗಾಗುತ್ತೆ?"

ಹಾಕದೇ ಇದ್ರೂ ಹಳೇದಾಗುತ್ತೆ. ನಡುವಿನ ಮೆತ್ತನೆ ಪದರ ಬಹಳಷ್ಟು ಶೂಗಳಲ್ಲಿ ಇವಿಎ ಫೋಮ್. ಸಣ್ಣ ಸಣ್ಣ ಗಾಳಿಗುಳ್ಳೆ ತುಂಬಿದ ಪ್ಲಾಸ್ಟಿಕ್ ಅದು. ವರ್ಷ ಕಳೆದ ಹಾಗೆ ಗುಳ್ಳೆಯೊಳಗಿನ ಅನಿಲ ಸೋರುತ್ತೆ, ಪ್ಲಾಸ್ಟಿಕ್ ಗಟ್ಟಿಯಾಗುತ್ತೆ. ತಗಡಿನ ಛಾವಣಿ ಕೆಳಗಿನ ಬಿಸಿಗೆ ಇನ್ನೂ ಬೇಗ. ಪಾಲಿಯುರಿಥೇನ್ ಸೋಲ್ ಇದ್ರೆ ಗಾಳಿಯ ತೇವಕ್ಕೇ ಒಳಗಿಂದ ಮುರಿದು ರೊಟ್ಟಿ ಚೂರಿನ ಹಾಗೆ ಉದುರುತ್ತೆ, ಬೀರುವಿನಲ್ಲಿಟ್ಟ ಟ್ರೆಕ್ಕಿಂಗ್ ಶೂ ಮೊದಲ ದಿನವೇ ಬಾಯಿ ಬಿಡೋದು ಅದಕ್ಕೇ. ಅಂಟಿಗೂ ಅದೇ ಗತಿ. ಹೊರಗಿನ ರಬ್ಬರ್ ಗಟ್ಟಿಯಾದ್ರೆ ಮಳೆಯಲ್ಲಿ ಫುಟ್‌ಪಾತ್ ಕಲ್ಲಿನ ಮೇಲೆ ಜಾರುತ್ತೆ. ಹೊರಗಿಂದ ನೋಡಿದ್ರೆ ಫಳಫಳ ಹೊಳೀತಿರುತ್ತೆ, ಒಂದು ಗೆರೆ ಇರಲ್ಲ. 40 ಕಿ.ಮೀ. ಓಡೋ ಅಷ್ಟರಲ್ಲಿ ಫೋಮ್ ಪಕ್ಕದಲ್ಲಿ ಅಡ್ಡ ಸುಕ್ಕು ಬಿದ್ದಿತ್ತು. ಬೇರೆ ಶೂನಲ್ಲಿ ಅಂಥ ಸುಕ್ಕು ನಾನು ನೋಡೋದು 400 ದಾಟಿದ್ಮೇಲೆ.

ಇದನ್ನೆಲ್ಲ ಬರೆದು ಕಳಿಸಿದೆ. "ಸ್ಟಿಕ್ಕರ್ ಇಂಪೋರ್ಟರ್ ಹಾಕಿದ್ದು, ನಮಗೆ ಗೊತ್ತಿಲ್ಲ" ಅಂದ್ರು. ಆಮೇಲೆ "112 ಕಿಲೋಮೀಟರ್ ಓಡಿರೋ ಶೂ ಯಾರು ವಾಪಸ್ ತಗೋತಾರೆ ನೀವೇ ಹೇಳಿ." ಓಡಿದ್ದಕ್ಕೇ ಅಲ್ವಾ ಗೊತ್ತಾಗಿದ್ದು! ರನ್ನಿಂಗ್ ಶೂ ಓಡದೆ ಪರೀಕ್ಷೆ ಮಾಡೋದು ಹೇಗೆ? ಕೊನೇದು: "ಬಿಲ್‌ನಲ್ಲಿ ಬರೆದಿದೆ ಸರ್, ಮಾರಿದ ಮಾಲು ವಾಪಸ್ ಇಲ್ಲ." ಆಮೇಲೆ ಬ್ಲಾಕ್.

ಆ ಬಿಲ್ ಜಿಎಸ್‌ಟಿ ನಂಬರ್ ಇಲ್ಲದ ಎಸ್ಟಿಮೇಟ್ ಚೀಟಿ. ಅದರ ಮೇಲೆ ಏನೇ ಅಚ್ಚು ಹಾಕಿರಲಿ, ದೋಷ ಇರೋ ವಸ್ತು ವಾಪಸ್ ತಗೊಳ್ಳೋಕೆ ನಿರಾಕರಿಸೋದು 2019ರ ಗ್ರಾಹಕ ರಕ್ಷಣಾ ಕಾಯ್ದೆ ಪ್ರಕಾರ ಅನುಚಿತ ವ್ಯಾಪಾರ. ಬಿಲ್‌ನಲ್ಲಿ ಅವಧಿ ಹೇಳಿಲ್ಲ ಅಂದ್ರೆ 30 ದಿನ ಅಂತ ಕಾಯ್ದೆಯಲ್ಲೇ ಇದೆ. ನಾನು ಕೇಳಿದ್ದು 24ನೇ ದಿನ. ಡಬ್ಬದ ಮೇಲೆ ಬೇರೆ ಸ್ಟಿಕ್ಕರ್ ಹಾಕೋದಾದ್ರೂ ಬೆಲೆ ಇಳಿಸೋಕೆ ಮಾತ್ರ, ಅದೂ ಮೂಲ ಬೆಲೆ ಮುಚ್ಚದ ಹಾಗೆ. ಇವರು ಏರಿಸಿದ್ದಾರೆ, ಮುಚ್ಚಿದ್ದಾರೆ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಕೊಟ್ಟಿದ್ದೀನಿ, ನಂಬರ್ ಬಂದಿದೆ, ದುಡ್ಡು ಬಂದಿಲ್ಲ.

ಕೊಳ್ಳೋ ಮುಂಚೆ ನಾಲಿಗೆ ಲೇಬಲ್ ನೋಡಿ, ಇಲ್ಲ ಅಂದ್ರೆ ಕೊಳ್ಳಬೇಡಿ, ಅವರು ಏನು ಕಾರಣ ಹೇಳಿದ್ರೂ ಸರಿ. ಡಬ್ಬದ ಸ್ಟಿಕ್ಕರ್ ಮೇಲೆ ಉಗುರು ಆಡಿಸಿ, ಕೆಳಗೆ ಇನ್ನೊಂದು ಪದರ ಇದ್ದರೆ ಕೈಗೆ ಗೊತ್ತಾಗುತ್ತೆ. ಎರಡು ವರ್ಷಕ್ಕಿಂತ ಹಳೇದು ನಾನಂತೂ ಇನ್ಮೇಲೆ ಮುಟ್ಟಲ್ಲ. ಮುಂಭಾಗ ಮಡಚಿ ರಬ್ಬರ್ ಅಂಚು ಬಿಡುತ್ತಾ ನೋಡಿ, ಬಿಳಿ ಫೋಮ್ ಹಳದಿ ತಿರುಗಿದೆಯಾ ನೋಡಿ. ಜಿಎಸ್‌ಟಿ ಬಿಲ್ ಇಲ್ಲದೆ ಯುಪಿಐ ಮಾಡಬೇಡಿ. ನೋವು ಶುರುವಾದ ಮೇಲೆ "ನಿಮ್ಮ ಓಟ ಸರಿ ಇಲ್ಲ" ಅಂತ ಮಾರಿದವರೇ ಹೇಳಿದ್ರೆ ಒಪ್ಪಬೇಡಿ, ಹಳೇ ಜೋಡಿ ಹಾಕಿ ಅದೇ ಸುತ್ತು ಓಡಿ ನೋಡಿ.

ಇದೇ ಥರ ಲೇಬಲ್ ಕತ್ತರಿಸಿದ ಶೂ ಈಗಾಗಲೇ ಕೊಂಡಿದ್ರೆ ಡಬ್ಬ ಎಸೀಬೇಡಿ. ಮೊದಲು ವಿಡಿಯೋ ಆನ್ ಮಾಡಿ, ಆಮೇಲೆ ಸ್ಟಿಕ್ಕರ್ ಸುಲಿಯಿರಿ. ನಾನು ವಿಡಿಯೋ ಮಾಡದೆ ಸುಲಿದೆ. "ಕೆಳಗಿನ ಸ್ಟಿಕ್ಕರ್ ನೀವೇ ಅಂಟಿಸಿರಬಹುದು" ಅಂತ ದೂರಿಗೆ ಉತ್ತರ ಕೊಟ್ಟಿದ್ದಾರೆ ಈಗ.